ಎಂಸಿಬಿ ಯಾಕೆ ಬೀಳಲಿಲ್ಲ?

ಹೊಸ್ತಿಲು ದಾಟುತ್ತಿದ್ದಂತೆ ಮೂಗಿಗೆ ಅಡರುತ್ತದೆ. ಮೊದಲು ಸುಟ್ಟ ಪ್ಲಾಸ್ಟಿಕ್ಕಿನ ಘಾಟು, ಅದರಡಿಯಲ್ಲಿ ಹಳಸಿದ ಮೀನಿನಂಥ ಇನ್ನೊಂದು ವಾಸನೆ. ಡಿಸೆಂಬರ್ ತಿಂಗಳು, ಬೆಳಿಗ್ಗೆ ಎಂಟೂವರೆ. ಮೈಸೂರಿನ ಹಳೆಯ ಬಡಾವಣೆಯೊಂದರ ಮನೆ. ಕಿಟಕಿ ಬಾಗಿಲುಗಳೆಲ್ಲ ತೆರೆದಿವೆ, ಚಳಿ ಒಳಗೆ ನುಗ್ಗಿದೆ. ಮೇನ್ ಸ್ವಿಚ್ ಇಳಿಸಿರುವುದರಿಂದ ಫ್ರಿಜ್ಜಿನ ಸದ್ದೂ ಇಲ್ಲ. ವೈರಿಂಗ್ ಮೇಸ್ತ್ರಿ ಚಪ್ಪಲಿ ಬಿಟ್ಟು, ಹೆಗಲ ಚೀಲ ಇಳಿಸಿ ಒಳಗೆ ಹೋಗುತ್ತಾರೆ. ಅವರ ಹಿಂದೆಯೇ ಹೋಗಿ. ಯಾವುದನ್ನೂ ಮುಟ್ಟಬೇಡಿ.

ನಡುಮನೆಯಿಂದ ಬಚ್ಚಲಿಗೆ ಹೋಗುವ ಪ್ಯಾಸೇಜು. ಗೋಡೆಯ ಬುಡದಿಂದ ಎದೆಮಟ್ಟಕ್ಕೆ ಹೊಗೆಯ ಮಸಿ ಏರಿದೆ. ನೆಲದ ಮೇಲೆ ಒಂದು ಎಕ್ಸ್‌ಟೆನ್ಷನ್ ಬಾಕ್ಸು. ಅದರ ನಾಲ್ಕು ಸಾಕೆಟ್ಟುಗಳಲ್ಲಿ ತುದಿಯದು ಕರಗಿ ಕುಸಿದಿದೆ. ಪಕ್ಕದ ಕಾಲೊರಸಿನ ಒಂದು ಅಂಚು ಸುಟ್ಟು ಕರಿಕಾಗಿದೆ. ಅದರ ಮೇಲೆ ಯಾರೋ ಹೂಕುಂಡದ ಮಣ್ಣು ಸುರಿದಿದ್ದಾರೆ, ತುಳಸಿಯ ಒಂದೆರಡು ಎಲೆಗಳೂ ಅದರಲ್ಲಿವೆ. ಎರಡು ಹೆಜ್ಜೆ ಆಚೆ ಪ್ಲಾಸ್ಟಿಕ್ ಬಕೆಟ್ಟು. ನೀರು ಇನ್ನೂ ಉಗುರುಬೆಚ್ಚಗಿದೆ, ಹೀಟರ್ ರಾಡು ಅದರೊಳಗೇ ಇದೆ.

"ಗೀಸರ್ ಕೆಟ್ಟು ಎರಡು ವಾರ ಆಯ್ತು ಅಣ್ಣಾ," ಮನೆಯ ಸೊಸೆ ಹೇಳುತ್ತಾರೆ. ಧ್ವನಿ ಇನ್ನೂ ಹಿಡಿತಕ್ಕೆ ಬಂದಿಲ್ಲ. "ರಾಡ್ ಹಾಕಿಟ್ಟು ಇಲ್ಲೇ ಯೂನಿಫಾರ್ಮ್ ಇಸ್ತ್ರಿ ಮಾಡ್ತಿದ್ದೆ. ಚಟ್ ಅಂತು. ತಿರುಗಿ ನೋಡಿದ್ರೆ ಮ್ಯಾಟ್ ಹತ್ಕೊಂಡಿತ್ತು. ಬಕೆಟ್ ನೀರು ಪಕ್ಕದಲ್ಲೇ ಇತ್ತಲ್ಲ, ಎತ್ತಿ ಹುಯ್ಯೋಣ ಅಂತ ಹೋದೆ. ಅತ್ತೆ ಕಿರುಚ್ಕೊಂಡ್ರು, ಮುಟ್ಟಬೇಡ, ಮೊದಲು ಮೇನ್ ಇಳಿಸು ಅಂತ."

ಮೇಸ್ತ್ರಿ ಅಡುಗೆಮನೆಯ ಬಾಗಿಲಲ್ಲಿ ನಿಂತಿರುವ ಅಜ್ಜಿಯ ಕಡೆ ನೋಡಿ ತಲೆಯಾಡಿಸುತ್ತಾರೆ. ಆ ಒಂದು ಕೂಗು ಎಷ್ಟು ದೊಡ್ಡದು ಎಂದು ನಿಮಗೂ ಗೊತ್ತಾಗಬೇಕು. ರಾಡು ಆನ್ ಆಗಿರುವ ನೀರಿಗೆ ಕೈಯಿಟ್ಟಿದ್ದರೆ ಏನಾಗುತ್ತಿತ್ತೋ. ಕರೆಂಟು ಇರುವ ಬೆಂಕಿಗೆ ನೀರು ಹುಯ್ದಿದ್ದರೆ, ಆ ನೀರಿನ ಮೂಲಕವೇ ಹುಯ್ದವರ ಮೈಗೆ ಶಾಕ್ ಹತ್ತುವ ಅಪಾಯವಿತ್ತು. ಮೊದಲು ಮೇನ್ ಇಳಿಸಬೇಕು, ಆಮೇಲೆ ಮಣ್ಣು, ಮರಳು, ಇದ್ದರೆ ಒಣಪುಡಿಯ ಅಗ್ನಿಶಾಮಕ. ಮೇನ್ ಎಲ್ಲಿದೆ ಎಂಬುದು ಆ ಮನೆಯ ಎಲ್ಲರಿಗೂ ಗೊತ್ತಿತ್ತು, ಅದರ ಮುಂದೆ ಬೀರು ನಿಲ್ಲಿಸಿರಲಿಲ್ಲ. ಇಂದು ಬರೀ ಕಾಲೊರಸು ಸುಟ್ಟದ್ದಕ್ಕೆ ಅದೂ ಕಾರಣ.

"ಅದೆಲ್ಲ ಸರಿ," ಸೊಸೆ ಕೇಳುತ್ತಾರೆ. "ಹಳೇ ಫ್ಯೂಸ್ ತೆಗೆಸಿ ಎಂಸಿಬಿ ಹಾಕ್ಸಿದ್ವಲ್ಲ. ಇಷ್ಟೆಲ್ಲ ಆದ್ರೂ ಅದು ಯಾಕೆ ಬೀಳ್ಲಿಲ್ಲ?"

ಮೇಸ್ತ್ರಿ ತಕ್ಷಣ ಉತ್ತರಿಸುವುದಿಲ್ಲ. ಎಕ್ಸ್‌ಟೆನ್ಷನ್ ಬಾಕ್ಸನ್ನು ಗೋಡೆಯಿಂದ ಬಿಡಿಸಿ, ಜಗಲಿಯ ಬೆಳಕಿಗೆ ತಂದು, ಹಳೆಯ ಪೇಪರ್ ಹಾಸಿ ಅದರ ಮೇಲಿಡುತ್ತಾರೆ. ರಾಡಿನ ಪ್ಲಗ್ಗು, ಅವರ ಬಾಯಲ್ಲಿ 'ಟಾಪು', ಬಾಕ್ಸಿಗೇ ಅಂಟಿಕೊಂಡು ಬಂದಿದೆ. ಕಟಿಂಗ್ ಪ್ಲೇಯರಿನಲ್ಲಿ ಹಿಡಿದು ಅಲ್ಲಾಡಿಸಿ ಎಳೆದಾಗ ಗಟ್ಟಿಯಾದ ಪ್ಲಾಸ್ಟಿಕ್ಕು ಚೂರುಚೂರಾಗಿ ಒಡೆದು ಬರುತ್ತದೆ.

ಬಾಗಿ ನೋಡಿ. ಮೂರು ಕಡ್ಡಿಗಳು. ಉದ್ದವೂ ದಪ್ಪವೂ ಆಗಿರುವುದು ಅರ್ಥಿನದು, ಒಳಗೆ ಹೋಗುವಾಗ ಎಲ್ಲಕ್ಕಿಂತ ಮೊದಲು ತಗುಲಿ, ಹೊರಗೆ ಬರುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕೆಂದೇ ಅದಕ್ಕೆ ಆ ಉದ್ದ. ಅದರ ಹೊಳಪು ಹಾಗೇ ಇದೆ. ಎಲ್ಲ ಸರಿಯಿದ್ದಾಗ ಅದರಲ್ಲಿ ಕರೆಂಟು ಹರಿಯುವುದೇ ಇಲ್ಲ. ನ್ಯೂಟ್ರಲ್ ಕಡ್ಡಿ ಸ್ವಲ್ಪ ಮಂಕು. ಫೇಸಿನ ಕಡ್ಡಿ ಮಾತ್ರ ಬೇರೆಯೇ ಲೋಹದಂತಿದೆ: ಬುಡದಲ್ಲಿ ನೀಲಿಗಪ್ಪು, ನಡುವೆ ಕಂದು, ತುದಿಯ ಒಂದು ಮಗ್ಗುಲಲ್ಲಿ ಸೂಜಿಮೊನೆಯಲ್ಲಿ ಚುಚ್ಚಿದಂಥ ಕುಳಿಗಳು. ಪ್ರತಿ ಕುಳಿಯೂ ಒಂದು ಕಿಡಿ ಹಾರಿದ ಜಾಗ.

ಈಗ ಬಾಕ್ಸಿನ ಹಿಂದಿನ ನಾಲ್ಕು ಸ್ಕ್ರೂ ಬಿಚ್ಚುತ್ತಾರೆ. ಒಳಗೆ ಉದ್ದಕ್ಕೂ ಹಿತ್ತಾಳೆಯ ಪಟ್ಟಿ. ಒಂದೊಂದು ತೂತಿನ ಬಳಿಯೂ ಅದು ಮಡಚಿ ಎರಡು ಎಲೆಗಳಾಗಿ ಕಡ್ಡಿಯನ್ನು ಎರಡೂ ಕಡೆಯಿಂದ ಕಚ್ಚುತ್ತದೆ. ಮೇಸ್ತ್ರಿ ಟೆಸ್ಟರಿನ ತುದಿಯಿಂದ ಚೆನ್ನಾಗಿರುವ ಸಾಕೆಟ್ಟಿನ ಎಲೆಗಳನ್ನು ಅಗಲಿಸಿ ಬಿಡುತ್ತಾರೆ. ಟಕ್ಕನೆ ಮುಚ್ಚಿಕೊಳ್ಳುತ್ತವೆ. ಸುಟ್ಟ ಸಾಕೆಟ್ಟಿನ ಎಲೆಗಳನ್ನೂ ಅಗಲಿಸುತ್ತಾರೆ. ಅವು ಅಗಲಿಸಿದ ಹಾಗೇ ನಿಲ್ಲುತ್ತವೆ.

"ನೋಡಿದ್ರಾ? ಸ್ಪ್ರಿಂಗ್ ಸತ್ತಿದೆ. ಲೂಸ್ ಕಾಂಟ್ಯಾಕ್ಟ್."

ಹಿತ್ತಾಳೆ ಪದೇ ಪದೇ ಕಾದರೆ ಮೆತ್ತಗಾಗುತ್ತದೆ, ಕಚ್ಚುವ ಬಿಗಿ ಕಳೆದುಕೊಳ್ಳುತ್ತದೆ. ಬಿಗಿ ಕಡಿಮೆಯಾದಷ್ಟೂ ಕಡ್ಡಿಗೂ ಎಲೆಗೂ ತಗಲುವ ಜಾಗ ಚಿಕ್ಕದಾಗುತ್ತದೆ, ಅಲ್ಲಿ ಕರೆಂಟಿಗೆ ತಡೆ ಹೆಚ್ಚುತ್ತದೆ, ತಡೆ ಹೆಚ್ಚಿದಷ್ಟೂ ಶಾಖ. ಶಾಖಕ್ಕೆ ಲೋಹದ ಮೇಲೆ ಆಕ್ಸೈಡಿನ ಕಪ್ಪು ಪೊರೆ ಕಟ್ಟುತ್ತದೆ, ಅದರಿಂದ ತಡೆ ಇನ್ನಷ್ಟು. ಒಮ್ಮೆ ಶುರುವಾದರೆ ತಾನಾಗಿ ನಿಲ್ಲದ ಸುತ್ತು ಇದು. ವಾರಗಟ್ಟಲೆ, ತಿಂಗಳುಗಟ್ಟಲೆ ನಡೆಯುತ್ತದೆ. ಪೇಪರಿನಲ್ಲಿ ಮಾತ್ರ ಶಾರ್ಟ್ ಸರ್ಕ್ಯೂಟಿನಿಂದ ಆಕಸ್ಮಿಕ ಬೆಂಕಿ ಎಂದು ಒಂದು ಸಾಲು ಬರುತ್ತದೆ. ಇಲ್ಲಿ ಕೂತು ಈ ಕಡ್ಡಿಯನ್ನು ನೋಡಿದ ಮೇಲೆ 'ಆಕಸ್ಮಿಕ' ಎನ್ನಲು ನನಗಂತೂ ಮನಸ್ಸು ಬರುವುದಿಲ್ಲ.

ಮೇಸ್ತ್ರಿ ಪೇಪರಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಲೆಕ್ಕ ಹಾಕುತ್ತಾರೆ. ರಾಡು 1500 ವ್ಯಾಟ್. 230 ವೋಲ್ಟಿನಲ್ಲಿ ಅದು ಎಳೆಯುವುದು ಆರೂವರೆ ಆಂಪಿಯರ್. ಸಾಕೆಟ್ಟು ಬಿಗಿಯಾಗಿದ್ದರೆ ಕಡ್ಡಿ ತಗಲುವ ಜಾಗದ ತಡೆ ಒಂದು ಓಮ್‌ನ ಸಾವಿರದಲ್ಲಿ ಕೆಲವೇ ಭಾಗ, ಅಲ್ಲಿ ಹುಟ್ಟುವ ಶಾಖ ಒಂದು ವ್ಯಾಟೂ ಇಲ್ಲ. ಅದೇ ಜಾಗ ಲೂಸಾಗಿ ತಡೆ ಅರ್ಧ ಓಮ್‌ಗೆ ಏರಿತೆನ್ನಿ. ಆರೂವರೆಯನ್ನು ಆರೂವರೆಯಿಂದ ಗುಣಿಸಿ, ಅರ್ಧ ಮಾಡಿ: 21 ವ್ಯಾಟ್. ಚೀಲದಿಂದ ಸಾಲ್ಡರಿಂಗ್ ಕಡ್ಡಿ ತೆಗೆದು ತೋರಿಸುತ್ತಾರೆ, ಅದರ ಹಿಡಿಯ ಮೇಲೆ 25 ವ್ಯಾಟ್ ಎಂದಿದೆ. ರೇಡಿಯೋ ರಿಪೇರಿಯವರು ಸೀಸ ಕರಗಿಸುವುದು ಇದರಲ್ಲೇ. ಹೆಚ್ಚುಕಡಿಮೆ ಅಂಥದ್ದೇ ಒಂದು ಕಾದ ಕಡ್ಡಿ ದಿನಾ ಬೆಳಿಗ್ಗೆ ಅರ್ಧ ಗಂಟೆ ಈ ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂತಿತ್ತು. ವೈರಿನ ಪಿವಿಸಿ ಹೊದಿಕೆಯನ್ನು ಮಾಡಿರುವುದು 70 ಡಿಗ್ರಿ ತಾಳಲು.

ಈಗ ಸೊಸೆಯ ಪ್ರಶ್ನೆಗೆ ಬರುತ್ತಾರೆ. ಎದ್ದು ಹೋಗಿ ಎಂಸಿಬಿಗಳ ಪೆಟ್ಟಿಗೆಯಾದ ಡಿಬಿಯ ಮುಚ್ಚಳ ತೆರೆದು, ಪ್ಯಾಸೇಜಿನ ಲೈನಿನ ಎಂಸಿಬಿಯ ಮೇಲೆ ಬೆರಳಿಡುತ್ತಾರೆ. 'ಸಿ 16' ಎಂದು ಅಚ್ಚಾಗಿದೆ.

"ಇದಕ್ಕೆ ಗೊತ್ತಾಗೋದು ಎಷ್ಟು ಕರೆಂಟ್ ಹರೀತಿದೆ ಅನ್ನೋದು ಮಾತ್ರ ಅಕ್ಕಾ. ಯಾವ ಜಾಗ ಕಾದಿದೆ ಅನ್ನೋದು ಇದಕ್ಕೆ ಕಾಣಲ್ಲ. ರಾಡ್ ಆರೂವರೆ, ಇಸ್ತ್ರಿಪೆಟ್ಟಿಗೆ ನಾಲ್ಕೂ ಚಿಲ್ಲರೆ. ಎರಡೂ ಸೇರಿ ಹನ್ನೊಂದು. ಹದಿನಾರರ ಎಂಸಿಬಿ ಯಾಕೆ ಬೀಳುತ್ತೆ?"

ಬೀಳುವುದಿಲ್ಲ. ಎಂಸಿಬಿಯ ಮಾನದಂಡದ ಪ್ರಕಾರ 16 ಆಂಪಿಯರಿನದು 18 ಆಂಪಿಯರ್ ಹರಿದರೆ ಒಂದು ಗಂಟೆಯೊಳಗೆ ಬೀಳಕೂಡದು; 23 ಹರಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. ಅಂದರೆ 20 ಆಂಪಿಯರನ್ನು ಅದು ಬಹಳ ಹೊತ್ತು ಸುಮ್ಮನೆ ಬಿಟ್ಟುಕೊಂಡಿರಬಹುದು. ಅದರ ಕೆಲಸ ಗೋಡೆಯೊಳಗಿನ ವೈರನ್ನು ಕಾಯುವುದು. ಫೇಸು ನ್ಯೂಟ್ರಲ್ಲು ನೇರ ತಗುಲಿ ನೂರಾರು ಆಂಪಿಯರ್ ನುಗ್ಗಿದರೆ ಕಣ್ಣುಮಿಟುಕಿಸುವುದರೊಳಗೆ ಬೀಳುತ್ತದೆ, ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಆದರೆ ಲೂಸ್ ಕಾಂಟ್ಯಾಕ್ಟಿನಲ್ಲಿ ಕರೆಂಟು ಹೆಚ್ಚುವುದಿಲ್ಲ. ತಡೆ ಕೂಡಿದ್ದರಿಂದ ಒಂದಿಷ್ಟು ಕಡಿಮೆಯೇ ಆಗುತ್ತದೆ. ಎಂಸಿಬಿಯ ಪಾಲಿಗೆ ಆ ಬೆಳಿಗ್ಗೆ ಈ ಮನೆಯಲ್ಲಿ ಎಲ್ಲವೂ ಸರಿಯಾಗಿತ್ತು.

ಗೋಡೆಯೊಳಗಿನ ವೈರಿಗಾದರೂ ಈ ಕಾವಲಿದೆ, ನೆಲದ ಮೇಲೆ ಹರಿದಾಡುವ ವೈರಿನ ಗತಿ ಕಷ್ಟ. ಮೇಸ್ತ್ರಿ ಬಾಕ್ಸಿನ ವೈರನ್ನು ಸೀಳಿ ತೋರಿಸುತ್ತಾರೆ: ಕೂದಲಿನಂಥ ತಾಮ್ರದ ಎಳೆಗಳು, ಒಟ್ಟು ದಪ್ಪ ಮುಕ್ಕಾಲು ಚದರ ಮಿಲಿಮೀಟರ್. ಆರೇಳು ಆಂಪಿಯರಿಗೆ ಸರಿ, ಹನ್ನೊಂದಕ್ಕೆ ಅಲ್ಲ. ಆದರೂ ಬಾಕ್ಸಿನ ಸಾಕೆಟ್ಟುಗಳಿಗೆ ರಾಡಿನ ದಪ್ಪ 16 ಆಂಪಿಯರ್ ಟಾಪೂ ಹಿಡಿಸುತ್ತದೆ, ಇಸ್ತ್ರಿಪೆಟ್ಟಿಗೆಯ ಸಣ್ಣದೂ ಹಿಡಿಸುತ್ತದೆ. ಬಾಕ್ಸಿನ ವೈರಿನ ಇನ್ನೊಂದು ತುದಿಯಲ್ಲಿರುವುದು ಮಾತ್ರ ಸಣ್ಣ 6 ಆಂಪಿಯರ್ ಟಾಪು. ಅಂಗಡಿಯಲ್ಲಿ ಇಂಥದ್ದು ಕಂಡರೆ ಅಲ್ಲೇ ಬಿಟ್ಟು ಬನ್ನಿ. ಬಾಯಿ ದೊಡ್ಡದು, ಕಾಲು ಸಣ್ಣದು ಇರುವ ಬಾಕ್ಸು ಹೊರಲಾರದ ಭಾರಕ್ಕೆ ದಾರಿ ಮಾಡಿಕೊಡುತ್ತದೆ. ದಪ್ಪ ಟಾಪನ್ನು ಸಣ್ಣ ಪಾಯಿಂಟಿಗೆ ಸಿಕ್ಕಿಸಲು ಸಿಗುವ ಕನ್ವರ್ಷನ್ ಪ್ಲಗ್ಗೂ ಅದೇ ಜಾತಿಯದು. ಆ ಟಾಪನ್ನು ದಪ್ಪ ಮಾಡಿದ್ದೇ ಸಣ್ಣ ಪಾಯಿಂಟಿಗೆ ಹೋಗದಿರಲಿ ಎಂದು. ಆ ತಡೆಯನ್ನು ತೆಗೆದುಹಾಕುವ ವಸ್ತು ಪ್ರತಿ ಎಲೆಕ್ಟ್ರಿಕಲ್ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಪೆಪ್ಪರಮೆಂಟಿನ ಪಕ್ಕ ಕೂತಿರುವುದನ್ನು ಕಂಡಾಗೆಲ್ಲ ನನಗೆ ಸಿಟ್ಟು ಬರುತ್ತದೆ.

ನಮ್ಮ ಈ ದುಂಡುಕಡ್ಡಿಯ ಟಾಪು ಬ್ರಿಟಿಷರ ಕಾಲದ್ದು, ಅವರ ಬಿಎಸ್ 546 ಮಾದರಿಯದು. ನಮ್ಮ ಐಎಸ್ 1293 ಅದರ ಸಂತತಿ. ಬ್ರಿಟನ್ನಿನವರು 1947ರಲ್ಲಿ ಚಪ್ಪಟೆ ಕಡ್ಡಿಯ ಹೊಸ ಪ್ಲಗ್ಗಿನ ಮಾನದಂಡ ತಂದರು, ಅದರ ಹೊಟ್ಟೆಯೊಳಗೇ ಒಂದು ಪುಟ್ಟ ಫ್ಯೂಸ್ ಇಟ್ಟರು. ಸಾಧನದ ವೈರಿಗೆ ತಕ್ಕ ಫ್ಯೂಸ್ ಆ ಸಾಧನದ ಜೊತೆಗೇ ಬರುತ್ತದೆ. ನಮ್ಮ ಸಾಮಾನ್ಯ ಟಾಪಿನಲ್ಲಿ ಅದಿಲ್ಲ. ಇಲ್ಲಿ ಸಣ್ಣ ವೈರಿಗೂ ದೊಡ್ಡ ವೈರಿಗೂ ಡಿಬಿಯ ಎಂಸಿಬಿಯೊಂದೇ ಕಾವಲು. ಕಿಡಿ ಹಾರುವ ಲೂಸ್ ಕಾಂಟ್ಯಾಕ್ಟನ್ನು ಗುರುತಿಸಿ ಲೈನ್ ಕತ್ತರಿಸುವ ಸಾಧನಗಳೂ ಇವೆ, ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆ 2002ರಿಂದಲೇ ಹೊಸ ಮನೆಗಳ ಮಲಗುವ ಕೋಣೆಗೆ ಅವನ್ನು ಕೇಳುತ್ತಿದೆ. ನಮ್ಮ ಮನೆಗಳಲ್ಲಿ ಅವು ಅಪರೂಪ. ಹಾಗಾಗಿ ಇಲ್ಲಿ ಆ ಕೆಲಸ ಮಾಡಬೇಕಾದದ್ದು ಮನೆಯವರ ಕೈ, ಕಣ್ಣು, ಮೂಗು.

ಮೂಗು ಎಂದದ್ದು ಸುಮ್ಮನೆ ಅಲ್ಲ. ಮೇಸ್ತ್ರಿ ಕರಗಿದ ಸಾಕೆಟ್ಟನ್ನು ಮೂಗಿನ ಬಳಿ ಹಿಡಿದು, ನಿಮ್ಮ ಕಡೆಗೂ ಚಾಚುತ್ತಾರೆ. ಆ ಮೀನಿನ ವಾಸನೆ.

"ಒಂದು ವಾರದಿಂದ ಹೇಳ್ತಾನೇ ಇದೀನಿ," ಅಜ್ಜಿ ಒಳಗಿನಿಂದ ಬರುತ್ತಾರೆ. "ಪಕ್ಕದ ಮನೆಗೆ ಹೊಸಬರು ಬಂದಿದಾರೆ, ಬೆಳಿಗ್ಗೆ ಬೆಳಿಗ್ಗೆನೇ ಮೀನು ಹುರೀತಾರೆ ಅಂತ. ಇವಳು, ಇಲ್ಲ ಅತ್ತೆ, ಅವರು ಎಂಟು ಗಂಟೆವರೆಗೂ ಏಳೋದೇ ಇಲ್ಲ ಅಂದ್ಲು."

ಯಾರೂ ಮೀನು ಹುರಿದಿರಲಿಲ್ಲ. ಸ್ವಿಚ್ಚು, ಸಾಕೆಟ್ಟು, ಹೋಲ್ಡರುಗಳಿಗೆ ಬಳಸುವ ಕೆಲವು ಬಗೆಯ ಪ್ಲಾಸ್ಟಿಕ್ಕುಗಳು ಅತಿಯಾಗಿ ಕಾದಾಗ ಬಿಡುವ ವಾಸನೆ ಹೀಗೇ ಇರುತ್ತದೆ. ಹೊಗೆ ಕಾಣಿಸುವುದಕ್ಕೆ ಎಷ್ಟೋ ಮೊದಲೇ ಅದು ಬರುತ್ತದೆ. ಮೀನು ತರುವ ಮನೆಯಲ್ಲಿ ನಿನ್ನೆಯ ಸಾರಿನದೆಂದು ಬಿಡುತ್ತಾರೆ, ತರದ ಮನೆಯಲ್ಲಿ ಪಕ್ಕದವರದೆಂದು ಬಿಡುತ್ತಾರೆ. ಕಾರಣ ಕಾಣದ ಮೀನಿನ ವಾಸನೆ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಬರುತ್ತಿದ್ದರೆ ಮೊದಲು ಆ ಜಾಗದ ಸ್ವಿಚ್ ಬೋರ್ಡಿನ ಕಡೆ ಹೋಗಿ.

ಅಜ್ಜಿಗೆ ಇನ್ನೊಂದೂ ನೆನಪಾಗುತ್ತದೆ. ಟಾಪು ಮೊನ್ನೆಯಿಂದ ನೆಟ್ಟಗೆ ಕೂರುತ್ತಿರಲಿಲ್ಲವಂತೆ. ರಾಡಿನ ಕೆಂಪು ದೀಪ ಮಿಣಮಿಣ ಎನ್ನುತ್ತಿತ್ತು, ಟಾಪನ್ನು ಒಂದು ಕಡೆ ಒತ್ತಿ ಕೆಳಗೆ ಮಡಚಿದ ರಟ್ಟು ಕೊಟ್ಟರೆ ಸರಿಯಾಗುತ್ತಿತ್ತು. ಮೇಸ್ತ್ರಿ ಮಸಿಯೊಳಗೆ ಕೆದಕಿ ಆ ರಟ್ಟಿನ ತುಣುಕನ್ನು ಹುಡುಕಿ ತೆಗೆಯುತ್ತಾರೆ. ಬೆಂಕಿ ಮೊದಲು ಹತ್ತಿದ್ದು ಅದಕ್ಕೇ.

ಮನೆಯ ಉಳಿದ ಪಾಯಿಂಟುಗಳನ್ನೂ ನೋಡುವುದೆಂದು ಮೇಸ್ತ್ರಿ ಮೇನ್ ಏರಿಸುತ್ತಾರೆ, ಪ್ಯಾಸೇಜಿನ ಲೈನನ್ನು ಬಿಟ್ಟು. ಅಡುಗೆಮನೆಯಲ್ಲಿ ಮಿಕ್ಸಿ, ಇಂಡಕ್ಷನ್ ಒಲೆ. ಒಲೆ 2000 ವ್ಯಾಟಿನದು, ನೇರ ಗೋಡೆಯ ಪವರ್ ಪಾಯಿಂಟಿಗಿದೆ, ಒಳ್ಳೆಯದು. ಸೊಸೆಗೆ ಒಂದು ಕ್ರಮ ಕಲಿಸುತ್ತಾರೆ: ಒಲೆ ಇಪ್ಪತ್ತು ನಿಮಿಷ ಉರಿದ ಮೇಲೆ ಸ್ವಿಚ್ ಆಫ್ ಮಾಡಿ, ಟಾಪು ಕೀಳಿ, ಬೆರಳ ಹಿಂಬದಿಯಿಂದ ಕಡ್ಡಿಯನ್ನು ಒಮ್ಮೆ ಸವರಿ ನೋಡಿ. ಉಗುರುಬೆಚ್ಚಗಿದ್ದರೆ ಚಿಂತೆಯಿಲ್ಲ. ಬೆರಳು ತಾನಾಗಿ ಹಿಂದಕ್ಕೆ ಬಂದರೆ ಆ ಪಾಯಿಂಟನ್ನು ಅಂದಿನಿಂದಲೇ ಬಳಸಬೇಡಿ. ಟಾಪು, ಸಾಕೆಟ್ಟು ಎರಡನ್ನೂ ಬದಲಿಸಬೇಕು. ಸುಟ್ಟ ಕಡ್ಡಿಯನ್ನು ಹೊಸ ಸಾಕೆಟ್ಟಿಗೆ ಹಾಕಿದರೆ ಅದು ಹೊಸದನ್ನೂ ಕೆಡಿಸುತ್ತದೆ.

ಫ್ರಿಜ್ಜನ್ನು ಇಬ್ಬರೂ ಸೇರಿ ಮುಂದಕ್ಕೆ ಎಳೆಯುತ್ತಾರೆ. ಹಿಂದೆ ಕೈಬೆರಳ ದಪ್ಪ ಧೂಳು, ಒಂದು ಒಣಗಿದ ಟೊಮೆಟೊ, ಇಲಿ ಹಿಕ್ಕೆ. ಸ್ಟೆಬಿಲೈಸರಿನ ವೈರಿನ ಮೇಲೆ ಹಲ್ಲಿನ ಗುರುತು. ದಿನದ ಇಪ್ಪತ್ತನಾಲ್ಕು ಗಂಟೆಯೂ ಕರೆಂಟಿನಲ್ಲಿರುವ, ವರ್ಷಕ್ಕೊಮ್ಮೆಯೂ ಯಾರೂ ಹಿಂದೆ ನೋಡದ ಸಾಧನ ಇದು. ಇದನ್ನು ನೋಡುವಾಗ ನನಗೆ ಲಂಡನ್ನಿನ ಗ್ರೆನ್‌ಫೆಲ್ ಟವರ್ ನೆನಪಾಗುತ್ತದೆ. 2017ರ ಜೂನ್ 14ರ ನಡುರಾತ್ರಿ ಅಲ್ಲಿನ ನಾಲ್ಕನೇ ಮಹಡಿಯ ಒಂದು ಮನೆಯ ಫ್ರಿಜ್ಜಿನಲ್ಲಿ ಬೆಂಕಿ ಹತ್ತಿತು. ಕಂಪ್ರೆಸರಿನ ಬಳಿ ವೈರಿನ ತುದಿಯನ್ನು ಒತ್ತಿ ಕೂಡಿಸಿದ ಜಾಗ ಸಡಿಲವಾಗಿ ಕಾದದ್ದು ಇದಕ್ಕೆ ಕಾರಣವಿರಬೇಕೆಂದು ತನಿಖಾ ಆಯೋಗದ ಮುಂದೆ ತಜ್ಞರೊಬ್ಬರು ಹೇಳಿದರು. ಆ ಬೆಂಕಿ ಕಿಟಕಿಯಿಂದ ಹೊರಬಿದ್ದು ಕಟ್ಟಡದ ಹೊರಗೋಡೆಗೆ ಹೊದಿಸಿದ್ದ, ಸುಲಭವಾಗಿ ಉರಿಯುವ ಹಲಗೆಗಳಿಗೆ ಹತ್ತಿತು. 72 ಜನ ಸತ್ತರು. ಅಷ್ಟು ದೊಡ್ಡ ಸಾವಿಗೆ ಆ ಹೊದಿಕೆಯೂ ಅದನ್ನು ಒಪ್ಪಿದವರೂ ಹೊಣೆ, ಒಂದು ಫ್ರಿಜ್ಜಲ್ಲ. ಆದರೆ ಆ ತಜ್ಞರ ಮಾತು ನಿಜವಾದರೆ, ಶುರುವಾದದ್ದು ಈ ಜಗಲಿಯ ಮೇಲೆ ಬಿದ್ದಿರುವಂಥದ್ದೇ ಒಂದು ಸಡಿಲ ಜಾಗದಿಂದ. ಬೆಂಕಿ ಹತ್ತಿದ ಆ ಮನೆಯವನನ್ನು ಎಬ್ಬಿಸಿದ್ದು ಹೊಗೆಯ ಅಲಾರಂ, ಅವನು ಬದುಕಿದ. ನಮ್ಮಲ್ಲೂ ಬ್ಯಾಟರಿಯ ಹೊಗೆ ಅಲಾರಂಗಳು ಸಿಗುತ್ತವೆ. ಒಗ್ಗರಣೆಗೆ ಅರಚಿಕೊಳ್ಳುತ್ತದೆಂದು ಕೆಲವರು ಕಿತ್ತಿಡುತ್ತಾರೆ. ಅಡುಗೆಮನೆಯಲ್ಲಿ ಬೇಡ, ಮಲಗುವ ಕೋಣೆಯ ಹೊರಗಿನ ಮಾಡಿನಲ್ಲಿ ಹಾಕಿ. ರಾತ್ರಿ ಮನೆಗೆ ಬೆಂಕಿ ಬಿದ್ದಾಗ ಜನ ಹೆಚ್ಚಾಗಿ ಸಾಯುವುದು ಉರಿಯಿಂದಲ್ಲ, ಹೊಗೆಯಿಂದ. ನಿದ್ದೆಯಲ್ಲಿರುವವರನ್ನು ಹೊಗೆಯ ವಾಸನೆ ಎಬ್ಬಿಸುತ್ತದೆಂದು ನಂಬಬೇಡಿ.

ದೇವರ ಮನೆಯಲ್ಲಿ ಸೀರಿಯಲ್ ಸೆಟ್ಟು, ಕರ್ಪೂರದ ಡಬ್ಬಿ, ಊದುಬತ್ತಿಯ ಕಟ್ಟು ಒಂದೇ ಮೂಲೆಯಲ್ಲಿ. ಸೀರಿಯಲ್ ಸೆಟ್ಟಿನ ಎರಡು ವೈರಿಗೆ ಟಾಪೇ ಇಲ್ಲ, ಬರಿಯ ತಾಮ್ರದ ತುದಿಗಳನ್ನು ಬೆಂಕಿಕಡ್ಡಿ ಕೊಟ್ಟು ಸಾಕೆಟ್ಟಿಗೆ ಸಿಕ್ಕಿಸಿದ್ದಾರೆ. ಮೇಸ್ತ್ರಿ ಮಾತಾಡದೆ ಸ್ವಿಚ್ ಆರಿಸಿ, ಕಿತ್ತು, ಟಾಪು ಹಾಕುತ್ತಾರೆ. ಎಳೆಗಳನ್ನು ಹೊಸೆದು ಮಡಚಿ ಸ್ಕ್ರೂ ಬಿಗಿಯುತ್ತಾರೆ, ತುದಿಗೆ ಸೀಸ ಹಚ್ಚುವುದಿಲ್ಲ. ಸೀಸ ಸ್ಕ್ರೂವಿನ ಒತ್ತಡಕ್ಕೆ ದಿನಗಳೆದಂತೆ ಸರಿದು ಸಡಿಲವಾಗುತ್ತದಂತೆ. ಮಲಗುವ ಕೋಣೆಯಲ್ಲಿ ದಿಂಬಿನಡಿ ಚಾರ್ಜಿಗೆ ಹಾಕಿದ ಮೊಬೈಲು. ಅದನ್ನು ಎತ್ತಿ ಮೇಜಿನ ಮೇಲಿಟ್ಟು ಮುಂದೆ ಹೋಗುತ್ತಾರೆ.

ಪೋರ್ಟಿಕೋದಲ್ಲಿ ಸೊಸೆಯ ಮಗನ ಎಲೆಕ್ಟ್ರಿಕ್ ಸ್ಕೂಟರು. ಮುಂಬಾಗಿಲಿಗೆ ಒರಗಿಸಿದಂತೆ ನಿಂತಿದೆ. ಚಾರ್ಜಿಂಗ್ ವೈರು ಕಿಟಕಿಯ ಸಂದಿಯಿಂದ ಒಳಗೆ ಹೋಗಿ ಟಿವಿಯ ಹಿಂದಿನ ಪಾಯಿಂಟಿಗೆ ಸೇರಿದೆ, ಕಿಟಕಿಯ ರೆಕ್ಕೆ ಅದನ್ನು ಅಮುಕಿ ಹಿಡಿದಿದೆ. "ರಾತ್ರಿ ಮಲಗೋವಾಗ ಹಾಕಿದ್ರೆ ಬೆಳಿಗ್ಗೆಗೆ ಫುಲ್ ಆಗಿರುತ್ತೆ," ಸೊಸೆ ಹೇಳುತ್ತಾರೆ.

ಇಲ್ಲಿ ಮೇಸ್ತ್ರಿ ಹೆಚ್ಚು ಹೊತ್ತು ನಿಲ್ಲುತ್ತಾರೆ. 2022ರ ಮಾರ್ಚಿನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ರಾತ್ರಿ ಮನೆಯಲ್ಲಿ ಚಾರ್ಜಿಗೆ ಹಾಕಿದ್ದ ಸ್ಕೂಟರಿಗೆ ಬೆಂಕಿ ಹತ್ತಿ ಹೊಗೆಯಲ್ಲಿ ಅಪ್ಪ, ಮಗಳು ಸತ್ತದ್ದು ಅವರಿಗೆ ನೆನಪಿದೆ. ಆ ವರ್ಷ ಅಂಥ ಬೆಂಕಿಗಳು ಸಾಲುಸಾಲಾಗಿ ಆದ ಮೇಲೆ ಬ್ಯಾಟರಿಗಳ ಎಐಎಸ್ 156 ಮಾನದಂಡವನ್ನು ಬಿಗಿಮಾಡಿ, 2022ರ ಡಿಸೆಂಬರಿನಿಂದ ಹಂತಹಂತವಾಗಿ ಜಾರಿಗೆ ತಂದರು. ಲಿಥಿಯಂ ಬ್ಯಾಟರಿಯ ಒಂದು ಕೋಶ ಒಳಗೇ ಕೆಟ್ಟು ಕಾದರೆ ಪಕ್ಕದ ಕೋಶವನ್ನೂ ಕಾಯಿಸುತ್ತದೆ. ಉರಿಗೆ ಬೇಕಾದ ಆಮ್ಲಜನಕದ ಒಂದು ಪಾಲು ಅದರೊಳಗಿನಿಂದಲೇ ಬರುವುದರಿಂದ ಮಣ್ಣು ಸುರಿದು ಉಸಿರು ಕಟ್ಟಿಸಲಾಗದು. ಕಾಲೊರಸಿನ ಬೆಂಕಿಗೆ ತುಳಸಿ ಕುಂಡದ ಮಣ್ಣು ಸಾಕಾಯಿತು. ಇದಕ್ಕೆ ಸಾಕಾಗುವುದಿಲ್ಲ. ಇದು ಹತ್ತಿದರೆ ಮನೆಮಂದಿಯನ್ನೆಲ್ಲ ಎಬ್ಬಿಸಿ ಹೊರಗೆ ಓಡಬೇಕು. ಆ ಓಡುವ ದಾರಿಯಲ್ಲೇ ಸ್ಕೂಟರು ನಿಂತಿದೆ.

"ಹಿತ್ತಿಲ ಕಡೆ ಶೀಟ್ ಕೆಳಗೆ ನಿಲ್ಸೋಣ. ಅಲ್ಲಿಗೆ ಒಂದು ಪವರ್ ಪಾಯಿಂಟ್ ಎಳೆದುಕೊಡ್ತೀನಿ. ಸಂಜೆ ಬಂದ ತಕ್ಷಣ ಬೇಡ, ಬ್ಯಾಟರಿ ಆರಲಿ. ಊಟದ ಹೊತ್ತಿಗೆ ಹಾಕಿ, ಮಲಗೋ ಮುಂಚೆ ತೆಗೀರಿ. ಅರ್ಧ ಚಾರ್ಜ್ ಆಗಿದ್ರೂ ಪರವಾಗಿಲ್ಲ."

ಮಗನಿಗೆ ಹೇಳುತ್ತೇನೆಂದು ಸೊಸೆ ತಲೆಯಾಡಿಸುತ್ತಾರೆ. ಸ್ಕೂಟರನ್ನು ಅವರೇ ಸ್ಟ್ಯಾಂಡ್ ತೆಗೆದು ಪಕ್ಕಕ್ಕೆ ಸರಿಸುತ್ತಾರೆ.

ಮಧ್ಯಾಹ್ನದವರೆಗೂ ಕೆಲಸ. ಗೀಸರಿಗೆ ಡಿಬಿಯಿಂದಲೇ ಪ್ರತ್ಯೇಕ ಲೈನು, ಎರಡೂವರೆ ಚದರ ಮಿಲಿಮೀಟರಿನ ತಾಮ್ರದ ವೈರು. ಹೊದಿಕೆಯ ಮೇಲೆ ಎಫ್‌ಆರ್‌ಎಲ್‌ಎಸ್ ಎಂದು ಅಚ್ಚಾಗಿದೆ: ಬೆಂಕಿ ಬೇಗ ಹರಡದ, ಹೊಗೆ ಕಡಿಮೆ ಬಿಡುವ ಪಿವಿಸಿ. ಪ್ರತಿ ಸ್ಕ್ರೂವನ್ನು ಬಿಗಿದ ಮೇಲೆ ವೈರನ್ನು ಒಮ್ಮೆ ಜಗ್ಗಿ ನೋಡುತ್ತಾರೆ. ಒಂದು ಜಗ್ಗಿದಾಗ ಸ್ವಲ್ಪ ಅಲುಗಿತು, ಬಿಚ್ಚಿ ಮತ್ತೆ ಕಟ್ಟಿದರು. ಈ ಒಂದು ಜಗ್ಗುವಿಕೆಗೆ ಎರಡು ಸೆಕೆಂಡ್ ಸಾಕು. ದಿನಕ್ಕೆ ಮೂರು ಮನೆ ಮುಗಿಸುವ ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಇದೇ. ಕೆಲಸ ಮಾಡಿಸುವವರು ಪಕ್ಕದಲ್ಲಿ ನಿಂತು, ಜಗ್ಗಿ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ, ಒಳ್ಳೆಯ ಮೇಸ್ತ್ರಿ ಅದಕ್ಕೆ ಬೇಸರಿಸಿಕೊಳ್ಳುವುದಿಲ್ಲ.

ಅರ್ಥಿಂಗ್ ನೋಡಲು ಹೋಲ್ಡರಿಗೆ ಹಾಕಿದ ಹಳೆಯ ಬಲ್ಬಿನ ಒಂದು ವೈರನ್ನು ಫೇಸಿಗೂ ಇನ್ನೊಂದನ್ನು ಅರ್ಥಿಗೂ ತಗುಲಿಸುತ್ತಾರೆ. ಬಲ್ಬು ಮಂಕಾಗಿ ಕೆಂಪಗೆ ಉರಿಯುತ್ತದೆ. ಅರ್ಥ್ ಗುಂಡಿ ಒಣಗಿದೆ; ಅದನ್ನು ತೋಡಿ ಇದ್ದಿಲು, ಉಪ್ಪು ತುಂಬಿ ಹೊಸದು ಮಾಡಬೇಕು, ಅದಕ್ಕೆ ಇನ್ನೊಂದು ದಿನ ಬರುತ್ತಾರೆ. ಡಿಬಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕುತ್ತಾರೆ. ಕರೆಂಟು ಮೈಗೋ ಗೋಡೆಗೋ ಸೋರಿದರೆ ಇದು ಬೀಳುತ್ತದೆ. "ಇದೂ ಲೂಸ್ ಕಾಂಟ್ಯಾಕ್ಟ್ ಹಿಡಿಯಲ್ಲ ಅಕ್ಕಾ, ಮರೀಬೇಡಿ," ಎಂದು ಹೇಳಿಯೇ ಹಾಕುತ್ತಾರೆ. ಅದರ 'ಟಿ' ಗುಂಡಿಯನ್ನು ಸೊಸೆಯ ಕೈಯಿಂದಲೇ ಒತ್ತಿಸುತ್ತಾರೆ. ಟಪ್ಪೆಂದು ಮನೆ ಆರುತ್ತದೆ. ಏರಿಸಿ, ತಿಂಗಳಿಗೊಮ್ಮೆ ಹೀಗೆ ಒತ್ತಿ ನೋಡಿ ಎನ್ನುತ್ತಾರೆ. ಒತ್ತಿದಾಗ ಬೀಳದಿದ್ದರೆ ಅದು ಕೆಟ್ಟಿದೆ ಎಂದರ್ಥ.

ಅಜ್ಜಿ ಎಕ್ಸ್‌ಟೆನ್ಷನ್ ಬಾಕ್ಸನ್ನು ಎತ್ತಿ ಸೆರಗಿನಿಂದ ಮಸಿ ಒರೆಸುತ್ತಿದ್ದಾರೆ. "ಒಂದು ತಾನೇ ಸುಟ್ಟಿರೋದು. ಇನ್ನು ಮೂರು ಚೆನ್ನಾಗಿದೆಯಲ್ಲಪ್ಪಾ, ಟಿವಿಗೆ ಇಟ್ಕೋಬಹುದು."

ಮೇಸ್ತ್ರಿ ಅದನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ವೈರನ್ನು ಬಾಕ್ಸಿನ ಬುಡದಲ್ಲೊಮ್ಮೆ, ಟಾಪಿನ ಬುಡದಲ್ಲೊಮ್ಮೆ ಕತ್ತರಿಸುತ್ತಾರೆ. "ಗುಜರಿಗೂ ಇಡಿಯಾಗಿ ಕೊಡಬೇಡಿ ಅಜ್ಜಿ. ಯಾರಾದ್ರೂ ಒರೆಸಿ, ಇನ್ನೊಬ್ಬರಿಗೆ ಮಾರ್ತಾರೆ."

ಸೊಸೆ ಅಷ್ಟರಲ್ಲಿ ಫೋನ್ ಹಿಡಿದು ಜಗಲಿಗೆ ಬಂದಿದ್ದಾರೆ. ಅವರ ತಮ್ಮ ಬೆಂಗಳೂರಿನ ಪೀಜಿಯಲ್ಲಿದ್ದಾನೆ, ಒಂದು ಕೋಣೆಗೆ ಮೂವರು, ಗೋಡೆಗೆ ಒಂದೇ ಪಾಯಿಂಟು. ಅದಕ್ಕೊಂದು ಎಕ್ಸ್‌ಟೆನ್ಷನ್ನು, ಅದರಲ್ಲಿ ಕೆಟಲ್ಲು, ಇಸ್ತ್ರಿಪೆಟ್ಟಿಗೆ, ಮೂರು ಲ್ಯಾಪ್‌ಟಾಪು. ಅಂಥ ಕೋಣೆಗಳು ಆ ಊರಿನಲ್ಲಿ ಲೆಕ್ಕವಿಲ್ಲದಷ್ಟು. ತಲೆಗಿಷ್ಟೆಂದು ಬಾಡಿಗೆ ಎಣಿಸಿಕೊಳ್ಳುವ ಮಾಲೀಕರು ತಲೆಗೊಂದು ಪಾಯಿಂಟನ್ನಾದರೂ ಕೊಡಬೇಕು.

"ಕೆಟಲ್ ಆನ್ ಇದೆಯಾ? ಮೊದಲು ಸ್ವಿಚ್ ಆಫ್ ಮಾಡು. ಮಾಡಿದ್ಯಾ? ಈಗ ಪ್ಲಗ್ ಕೀಳು. ಬೆರಳ ಹಿಂಬದಿಯಿಂದ ಕಡ್ಡಿ ಸವರು. ನಗಬೇಡ, ಹೇಳಿದ್ದು ಮಾಡೋ." ಅವರು ಸ್ಪೀಕರ್ ಒತ್ತಿ ಫೋನನ್ನು ಮೇಸ್ತ್ರಿಯ ಕಡೆಗೆ ಹಿಡಿಯುತ್ತಾರೆ.

"ಬಿಸಿ ಇದೆ ಅಕ್ಕಾ. ಚೆನ್ನಾಗೇ ಬಿಸಿ ಇದೆ."

"ಯಾವ ಕಡ್ಡಿ?" ಮೇಸ್ತ್ರಿ ಫೋನಿನ ಹತ್ತಿರಕ್ಕೆ ಬಾಗುತ್ತಾರೆ. "ಒಂದೇನಾ, ಎರಡೂನಾ? ಬಣ್ಣ ಏನಾದ್ರೂ ತಿರುಗಿದೆಯಾ ನೋಡಿ ಹೇಳಿ."